ಡಾ. ಉಪೇಂದ್ರನಾಥ ಬ್ರಹ್ಮಚಾರಿ

ಕಲ್ಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯ ಒಂದು ಇಕ್ಕಟ್ಟಾದ ಕೋಣೆ. ಅಲ್ಲಿ ನಲ್ಲಿಯಿಲ್ಲ, ವಿದ್ಯುದ್ದೀಪವಿಲ್ಲ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ದುಡಿದ ಈ ವೈದ್ಯರು ೧೯೨೦ರಲ್ಲಿ ಆಂಟಿಮನಿಯಿಂದ ಯೂರಿಯಾ ಸ್ಟಿಬಮೈನ್ ಸಿದ್ಧಪಡಿಸಿದರು. ಮರಳುನೊಣ ಹರಡುವ ಕಾಲಾ ಅಜಾರಿಗೆ ತುತ್ತಾಗಿ, ಗುಲ್ಮ ಊದಿ ಸಾಯಲಿದ್ದ ಬಂಗಾಳ, ಅಸ್ಸಾಮುಗಳ ಅಸಂಖ್ಯ ಬಡವರು ಅದರಿಂದ ಬದುಕಿದರು. ೧೯೪೬ರಲ್ಲಿ ಅವರು ಕೀರ್ತಿಶೇಷರಾದರು.

ಅನಂತರದ ಕಥೆಯೇ ನನ್ನನ್ನು ಹೆಚ್ಚು ಕಾಡಿದೆ. ಆಂಟಿಮನಿಯ ಮದ್ದುಗಳನ್ನು ಅರೆಬರೆಯಾಗಿ ಕೊಟ್ಟು ನಡುವೆ ನಿಲ್ಲಿಸಿದಾಗ, ಅಳಿಯದೆ ಉಳಿದ ರೋಗಾಣುಗಳೇ ಬೆಳೆದವು. ೧೯೯೦ರ ದಶಕದಲ್ಲಿ ಉತ್ತರ ಬಿಹಾರದ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಆ ಚಿಕಿತ್ಸೆ ಸೋತಿತು; ಬೇರೆ ಔಷಧಗಳನ್ನು ಹುಡುಕಬೇಕಾಯಿತು. ಹಾಗೆಂದು ಬ್ರಹ್ಮಚಾರಿಯವರ ಶ್ರಮ ವ್ಯರ್ಥವೆಂದು ನಾನು ಹೇಳಲಾರೆ. ಮದ್ದನ್ನು ಕಂಡುಹಿಡಿದ ಪುಣ್ಯ ಅವರದು. ಅದನ್ನು ಕಾಪಾಡಿಕೊಳ್ಳದ ಹೊಣೆ ಮಾತ್ರ ಅನಂತರದವರದು.