ಕೂಗಿ ಕೊಂಡವನ ಮನೆಯ ಹರಾಜು

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಕಲಾಗ್ರಂಥವೊಂದಕ್ಕೆ ಚೌಕಾಸಿ ಮಾಡುವಾಗಲೆಲ್ಲ ನನಗೆ ರೆಂಬ್ರಾಂಟ್ ನೆನಪಾಗಿ ತುಸು ನಾಚಿಕೆಯಾಗುತ್ತದೆ. 17ನೇ ಶತಮಾನದ ಆ ಡಚ್ ಚಿತ್ರಕಾರ ಹರಾಜಿನ ಮೊದಲ ಕೂಗಿನಲ್ಲೇ ಇತರರು ಬಾಯಿ ತೆರೆಯಲಾಗದಷ್ಟು ಬೆಲೆ ಏರಿಸಿಬಿಡುತ್ತಿದ್ದನಂತೆ. ತನ್ನ ಕಸುಬಿನ ಗೌರವಕ್ಕಾಗಿ ಹಾಗೆ ಮಾಡುತ್ತಿದ್ದನೆಂದು ಇಟಲಿಯ ಬಾಲ್ಡಿನುಚ್ಚಿ ಬರೆದಿದ್ದಾನೆ. ಗೌರವದಷ್ಟೇ ಗೀಳೂ ಇತ್ತೆಂದು ನನ್ನ ಗುಮಾನಿ.

1639ರಲ್ಲಿ ಆತ 13,000 ಗಿಲ್ಡರ್ ಬೆಲೆಯ ಮನೆಯನ್ನು ಸಾಲದ ಮೇಲೆ ಕೊಂಡ. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನ ಹರಾಜೊಂದರಲ್ಲಿ ರಾಫೆಲ್ ರಚಿಸಿದ್ದ ಕಾಸ್ತಿಲಿಯೋನೆಯ ಭಾವಚಿತ್ರ 3,500 ಗಿಲ್ಡರಿಗೆ ಬೇರೊಬ್ಬರ ಪಾಲಾಯಿತು. ಈತ ಅದರ ರೇಖಾಚಿತ್ರ ಬರೆದುಕೊಂಡು, ಜೊತೆಗೆ ಬೆಲೆಯನ್ನೂ ಗುರುತು ಹಾಕಿಕೊಂಡ. ಕೈತಪ್ಪಿದ ವಸ್ತುವಿನ ಬೆಲೆ ಸಂಗ್ರಾಹಕನಿಗೆ ಮರೆಯುವುದಿಲ್ಲ.

1656ರಲ್ಲಿ ಸಾಲ ತೀರಿಸಲಾರದೆ ಕೈಚೆಲ್ಲಿದಾಗ ಅಧಿಕಾರಿಗಳು ಮನೆಯ ವಸ್ತುಗಳನ್ನು ಪಟ್ಟಿ ಮಾಡಿದರು. ಒಟ್ಟು 363 ಬಾಬುಗಳು: ಕಡಲ ಚಿಪ್ಪು, ಹವಳ, ಶಿರಸ್ತ್ರಾಣ, ರೋಮನ್ ಚಕ್ರವರ್ತಿಗಳ ಅರ್ಧಪ್ರತಿಮೆ, ಮಾಂಟೆನ್ಯಾ ಮತ್ತು ಲ್ಯೂಕಾಸ್ ಫಾನ್ ಲೈಡನ್ ಅವರ ಮುದ್ರಣಚಿತ್ರಗಳ ಸಂಪುಟಗಳು. ಈತನ ಪಾಲಿಗೆ ಅವು ಬರಿಯ ಅಲಂಕಾರವಲ್ಲ, ಪಾಠಶಾಲೆ. 1658ರ ಹರಾಜಿನಲ್ಲಿ ಮುದ್ರಣಚಿತ್ರ, ರೇಖಾಚಿತ್ರಗಳ ಆ ಭಂಡಾರಕ್ಕೆ ಹುಟ್ಟಿದ್ದು ಸುಮಾರು 600 ಗಿಲ್ಡರ್. ಮನೆಯೂ ಹೋಯಿತು.

ದಿವಾಳಿಯ ಆಸುಪಾಸಿನಲ್ಲೇ ಆತ ಮೊಘಲ್ ಕಿರುಚಿತ್ರಗಳನ್ನು ನೋಡಿ ನಕಲು ಮಾಡಿದ. ಅಂಥ 20ಕ್ಕೂ ಹೆಚ್ಚು ಚಿತ್ರಗಳು ಉಳಿದಿವೆ. 1660ರಲ್ಲಿ ಮಗ ಟೈಟಸ್ ಹಾಗೂ ಸಂಗಾತಿ ಹೆಂಡ್ರಿಕ್ಯೆಯ ಕಲಾವ್ಯಾಪಾರದಲ್ಲಿ ಊಟ, ವಸತಿಗೆ ದುಡಿಯುವ ನೌಕರನಾದ. 1669ರಲ್ಲಿ ತೀರಿಕೊಂಡಾಗ ಸಿಕ್ಕಿದ್ದು ಬಾಡಿಗೆಯ ಗೋರಿ.

ಆ ಮನೆ 1911ರಿಂದ ವಸ್ತುಸಂಗ್ರಹಾಲಯ. ಆತನ ಸಂಗ್ರಹದ ಕೋಣೆಯನ್ನು ಅಂಥದೇ ಚಿಪ್ಪು, ಹವಳ, ಪ್ರತಿಮೆಗಳಿಂದ ಮತ್ತೆ ತುಂಬಿಸಲು ದಾರಿ ತೋರಿದ್ದು, ಸಾಲ ಕೊಟ್ಟವರಿಗಾಗಿ ಬರೆದ ಅದೇ ಪಟ್ಟಿ.