9 ವ್ಯಾಟ್ ಬಲ್ಬು ಮತ್ತು ದಿವಾನ್ ಶೇಷಾದ್ರಿ ಅಯ್ಯರ್

ಎಫ್‌ಡಿಎ, ಪಿಡಿಒ, ಕೆಎಎಸ್, ಯಾವ ಪರೀಕ್ಷೆಗೆ ಓದಿದರೂ ಗೈಡುಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಸಿಗುತ್ತದೆ: ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು? ಉತ್ತರ ಶಿವನಸಮುದ್ರ ಎಂದು ಅಚ್ಚಾಗಿರುತ್ತದೆ. ಅದು ಸರಿಯಲ್ಲ. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ನೀರಿನಿಂದ ಕರೆಂಟ್ ತೆಗೆದಿದ್ದರು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲಿ ಒಂದು ಸಣ್ಣ ಘಟಕ ಶುರುವಾಗಿತ್ತು. ಶಿವನಸಮುದ್ರದ ದೊಡ್ಡತನ ‘ಮೊದಲು’ ಎಂಬ ಪದದಲ್ಲಿಲ್ಲ. ಅಷ್ಟು ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ತಯಾರಿಸಿ, ಕಂಬದಿಂದ ಕಂಬಕ್ಕೆ ತಂತಿ ಎಳೆದು 92 ಮೈಲಿ, ಅಂದರೆ ಸುಮಾರು 147 ಕಿ.ಮೀ. ದೂರಕ್ಕೆ ಕಳಿಸಿದ್ದು ಅದರ ಸಾಧನೆ. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು.

ಅದರ ಹಿಂದೆ ನಿಂತ ದಿವಾನರ ಬಗ್ಗೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹುಡುಗರಿಗೆ ಗೊತ್ತಿರುವುದು ಬೆಂಗಳೂರಿನ ಶೇಷಾದ್ರಿಪುರಂ ಎಂಬ ಹೆಸರು ಮಾತ್ರ. ಕೋಚಿಂಗ್‌ಗೆ ಹೋದವರಿಗೆ ಶೇಷಾದ್ರಿ ರಸ್ತೆಯೂ ಗೊತ್ತು.

ಕೆ. ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡ್ ಸೀಮೆಯ ಕುಮಾರಪುರಂನಲ್ಲಿ. ತಂದೆ ವಕೀಲರು. ಮಗು ತೀರಾ ಚಿಕ್ಕದಿದ್ದಾಗಲೇ ಅವರು ತೀರಿಕೊಂಡರು. ಅಣ್ಣನ ಆಸರೆಯಲ್ಲಿ ಕಲ್ಲಿಕೋಟೆಯಲ್ಲಿ ಶಾಲೆ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಪದವಿ ಮುಗಿಸಿದ ಹುಡುಗನಿಗೆ ಸಿಕ್ಕ ಮೊದಲ ಕೆಲಸ ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರನದು. ದೊಡ್ಡ ಹುದ್ದೆಯೇನಲ್ಲ. ಅಲ್ಲಿಂದ ರಂಗಾಚಾರ್ಲು ಅವರು ಮೈಸೂರಿಗೆ ಕರೆಸಿಕೊಂಡರು. 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ಸೇರಿದರು. ಕಲ್ಲಿಕೋಟೆಯಿಂದ ಮೈಸೂರಿಗೆ ಬರುವ ದಾರಿ ವಯನಾಡು ಹತ್ತಿ ಗುಂಡ್ಲುಪೇಟೆಯ ಮೇಲೆ ಹಾದುಹೋಗುವುದು ಅಂದೂ ಇಂದೂ ಒಂದೇ. ನಮ್ಮ ಎರಡೂ ತಾಲ್ಲೂಕುಗಳು ಆಗ ಮೈಸೂರು ಜಿಲ್ಲೆಯಲ್ಲಿದ್ದವು, ಅಷ್ಟಗ್ರಾಮ ವಿಭಾಗಕ್ಕೆ ಸೇರಿದ್ದವು.

ಕೆಲಸದಲ್ಲಿದ್ದುಕೊಂಡೇ 1874ರಲ್ಲಿ ಕಾನೂನು ಪದವಿ ಪಡೆದರು. ತುಮಕೂರಿನಲ್ಲಿ ಡೆಪ್ಯುಟಿ ಕಮಿಷನರ್ ಆದರು, ನಂತರ ಜಿಲ್ಲಾ ನ್ಯಾಯಾಧೀಶರೂ ಆದರು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದಾಗ ರಂಗಾಚಾರ್ಲು ದಿವಾನರಾದರು. ಎರಡೇ ವರ್ಷಕ್ಕೆ, 1883ರ ಜನವರಿಯಲ್ಲಿ, ಅವರು ತೀರಿಕೊಂಡಾಗ ಆ ಕುರ್ಚಿಗೆ ಬಂದವರು ಶೇಷಾದ್ರಿ ಅಯ್ಯರ್. ಆಗ ಅವರಿಗೆ 37 ವರ್ಷ. ಮುಂದೆ 18 ವರ್ಷ ಅದೇ ಕುರ್ಚಿಯಲ್ಲಿದ್ದರು. 1881ರ ನಂತರ ಮೈಸೂರಿನ ಇನ್ಯಾವ ದಿವಾನರೂ ಅಷ್ಟು ದೀರ್ಘ ಕಾಲ ಇರಲಿಲ್ಲ.

ಬಂದಾಗ ಖಜಾನೆಯ ಸ್ಥಿತಿ ಹೇಳುವಂತಿರಲಿಲ್ಲ. 1876–78ರ ಭೀಕರ ಬರ ಸಂಸ್ಥಾನದ ಜನರನ್ನೂ ದನಗಳನ್ನೂ ನುಂಗಿ, ಮೇಲೆ ಸಾಲ ಹೊರಿಸಿ ಹೋಗಿತ್ತು. ಶೇಷಾದ್ರಿ ಅಯ್ಯರ್ ರೈಲು ಮಾರ್ಗಗಳನ್ನು ವಿಸ್ತರಿಸಿದರು. ಮೈಸೂರು–ನಂಜನಗೂಡು ರೈಲು ಬಂದದ್ದು 1891ರಲ್ಲಿ, ಅವರ ಕಾಲದಲ್ಲೇ. ಅದು ಚಾಮರಾಜನಗರಕ್ಕೆ ತಲುಪಲು ಮತ್ತೆ 35 ವರ್ಷ ಹಿಡಿಯಿತು, ಗುಂಡ್ಲುಪೇಟೆಗೆ ಇನ್ನೂ ಬಂದಿಲ್ಲ. ಬೆಂಗಳೂರಿಗೆ ಹೆಸರಘಟ್ಟದ ನೀರು, ಪ್ಲೇಗ್ ಬಂದ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು, ವಿಕ್ಟೋರಿಯಾ ಆಸ್ಪತ್ರೆ, ಹಿರಿಯೂರಿನ ಬಳಿ ಮಾರಿಕಣಿವೆ ಅಣೆಕಟ್ಟು. ಪಟ್ಟಿ ಉದ್ದವಿದೆ. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಮುಖ್ಯವಾದದ್ದು ಬೇರೆ ಒಂದಿದೆ. ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ನಡೆಸುವ ಪದ್ಧತಿ ತಂದವರು ಇವರೇ. 1891ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಇಂದು ನಾವು ಕಾಯುವ ಅಧಿಸೂಚನೆ, ಹಾಲ್ ಟಿಕೆಟ್, ಕೀ ಉತ್ತರಗಳ ಮುತ್ತಜ್ಜಿ ಅದು ಅನ್ನಬಹುದು.

ಅವರನ್ನು ದೇವರ ಮಾಡಿ ಕೂರಿಸಬೇಕಿಲ್ಲ. ಅಧಿಕಾರವನ್ನೆಲ್ಲ ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ, ಮದರಾಸಿನ ಕಡೆಯವರನ್ನೇ ಮೇಲಿನ ಹುದ್ದೆಗಳಿಗೆ ತರುತ್ತಾರೆ ಎಂಬ ಆಕ್ಷೇಪ ಅವರ ಕಾಲದಲ್ಲೇ ಜೋರಾಗಿತ್ತು. ಪತ್ರಿಕೆಗಳು ಬರೆದವು, ಸ್ಥಳೀಯರು ಸಿಟ್ಟಾದರು. ಆ ಸಿಟ್ಟಿನಲ್ಲಿ ಹುರುಳಿಲ್ಲದೆ ಇರಲಿಲ್ಲ ಎಂದೇ ನನಗನ್ನಿಸುತ್ತದೆ. ಸಂಸ್ಥಾನದ ಮಕ್ಕಳಿಗೆ ಸಂಸ್ಥಾನದ ಕೆಲಸ ಸಿಗಬೇಕೆಂಬ ಆ ಜಗಳ ಮುಂದೆ ಹಲವು ದಶಕ ನಡೆಯಿತು.

ಈಗ ಕಾವೇರಿಯ ವಿಷಯ. ಕೋಲಾರದ ಚಿನ್ನದ ಗಣಿಗಳಲ್ಲಿ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಅದಕ್ಕೆ ಸೌದೆ ಬೇಕು, ದೂರದಿಂದ ಕಲ್ಲಿದ್ದಲು ತರಿಸಬೇಕು. ಸುತ್ತಲ ಕಾಡು ಸವೆಯುತ್ತಿತ್ತು, ಗಣಿ ಕಂಪನಿಗಳ ಖರ್ಚು ಏರುತ್ತಿತ್ತು. ಚಿನ್ನದಿಂದ ಬರುವ ರಾಜಧನ ಸಂಸ್ಥಾನದ ಖಜಾನೆಗೆ ದೊಡ್ಡ ಆಧಾರವಾಗಿದ್ದರಿಂದ ಗಣಿಯ ಕಷ್ಟ ದಿವಾನರ ಕಷ್ಟವೂ ಆಗಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಸುಮ್ಮನೆ ಕೆಳಗೆ ಬೀಳುತ್ತಿದ್ದಳು. ಗಗನಚುಕ್ಕಿಯ ಕಡೆ ಮೈಸೂರು ಸಂಸ್ಥಾನದ್ದು. ಭರಚುಕ್ಕಿ ಇರುವ ಕೊಳ್ಳೇಗಾಲದ ಕಡೆ ಆಗ ಮದರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲ ಮೈಸೂರಿಗೆ ಬಂದದ್ದು 1956ರಲ್ಲಿ, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ಜೋಲಿ ಡಿ ಲೋಟ್‌ಬಿನಿಯೇರ್ ಎಂಬ ಕೆನಡಾ ಮೂಲದ ಸೇನಾ ಎಂಜಿನಿಯರ್ ಈ ಯೋಜನೆಯನ್ನು ದಿವಾನರ ಮುಂದಿಟ್ಟರು. ಇಲ್ಲಿ ಬಿದ್ದ ನೀರಿನ ಬಲ ಅಲ್ಲಿ, ಕೋಲಾರದಲ್ಲಿ ಯಂತ್ರ ತಿರುಗಿಸುತ್ತದೆ ಎಂದರೆ ಆಗ ಎಷ್ಟು ಮಂದಿ ನಂಬಿದ್ದಾರು? ಅಷ್ಟು ದೂರ ಕರೆಂಟ್ ಕಳಿಸಿದ ಅನುಭವ ಜಗತ್ತಿನಲ್ಲೇ ಬೆರಳೆಣಿಕೆಯ ಜಾಗಗಳಲ್ಲಿತ್ತು. ಸೋತರೆ ಹೋಗುವುದು ಬರದಿಂದ ಈಗಷ್ಟೇ ಎದ್ದ ಸಂಸ್ಥಾನದ ತೆರಿಗೆ ಹಣ. ದಿವಾನರು ಲೋಟ್‌ಬಿನಿಯೇರ್ ಅವರನ್ನು ಯುರೋಪು, ಅಮೆರಿಕಕ್ಕೆ ಕಳಿಸಿದರು, ನಯಾಗರಾದಂಥ ಕೇಂದ್ರಗಳನ್ನು ನೋಡಿಕೊಂಡು ಬರಲಿ ಎಂದು. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯೊಂದಿಗೆ ವಿದ್ಯುತ್ ಕೊಳ್ಳುವ ಒಪ್ಪಂದ ಮಾಡಿಕೊಂಡರು. ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್, ಟರ್ಬೈನ್‌ಗಳಿಗೆ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿ. ಕೊಳ್ಳುವವರು ಖಾತ್ರಿಯಾದ ಮೇಲೆ ಸಾಮಾನು ತರಿಸಿದ್ದು. ಇದರಲ್ಲಿ ಕವಿತ್ವವಿಲ್ಲ, ಲೆಕ್ಕಾಚಾರವಿದೆ. ಆ ಲೆಕ್ಕಾಚಾರವೇ ನನಗೆ ಹೆಚ್ಚು ಇಷ್ಟವಾಗುವುದು.

ಹಡಗಿನಲ್ಲಿ ಬಂದ ಯಂತ್ರಗಳು ರೈಲಿನಲ್ಲಿ ಮದ್ದೂರಿಗೆ ಬಂದವು. ಅಲ್ಲಿಂದ ಮುಂದೆ ಎತ್ತಿನ ಗಾಡಿಗಳು, ಆನೆಗಳು. ನದಿಯ ಪಕ್ಕದ ಕಾಡು, ಚಳಿಜ್ವರದ ಜಾಗ. ಸುಮಾರು 400 ಅಡಿ ಆಳದ ಕಣಿವೆಗೆ ದಪ್ಪ ಕೊಳವೆಗಳನ್ನು ಇಳಿಸಬೇಕು. ಆ ಕೊಳವೆ ಹೊತ್ತವರ, ಕಲ್ಲು ಒಡೆದವರ ಹೆಸರು ಯಾವ ಗೈಡಿನಲ್ಲೂ ಇಲ್ಲ.

ಅಷ್ಟರಲ್ಲಿ ದಿವಾನರ ಆರೋಗ್ಯ ಕೈಕೊಟ್ಟಿತ್ತು. ಹತ್ತನೇ ಚಾಮರಾಜ ಒಡೆಯರು 1894ರ ಕೊನೆಗೆ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ಯುವರಾಜ ಇನ್ನೂ ಬಾಲಕ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಕೆಳಗೆ ಆಡಳಿತದ ಹೊರೆ ಬಹುಪಾಲು ದಿವಾನರ ಮೇಲೇ ಬಿದ್ದಿತ್ತು. 1901ರ ಮಾರ್ಚ್‌ನಲ್ಲಿ ಅವರು ಹುದ್ದೆ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಶಿವನಸಮುದ್ರದ ಯಂತ್ರ ತಿರುಗಿ ಕೋಲಾರಕ್ಕೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ಒಂಬತ್ತೂವರೆ ತಿಂಗಳ ಅಂತರದಲ್ಲಿ ಅವರು ಅದನ್ನು ನೋಡದೆ ಹೋದರು.

ಆ ಮೊದಲ ಕರೆಂಟ್ ಯಾರ ಮನೆಗೂ ಬರಲಿಲ್ಲ ಎಂಬುದನ್ನು ನೆನಪಿಡಬೇಕು. ಅದು ಚಿನ್ನ ಅಗೆಯಲು ಹೋಯಿತು. ಬೆಂಗಳೂರಿನಲ್ಲಿ ದೀಪ ಉರಿದದ್ದು 1905ರ ಆಗಸ್ಟ್‌ನಲ್ಲಿ, ಮೈಸೂರಿನಲ್ಲಿ 1908ರಲ್ಲಿ. ಕಣಿವೆಯ ಆಸುಪಾಸಿನ ಹಳ್ಳಿಗಳು ತಲೆಯ ಮೇಲೆ ತಂತಿ ಹಾದುಹೋಗುವುದನ್ನು ನೋಡುತ್ತ ಹರಳೆಣ್ಣೆ, ಸೀಮೆಎಣ್ಣೆ ಬುಡ್ಡಿಯಲ್ಲೇ ದಶಕಗಳನ್ನು ಕಳೆದವು. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಕೆಲವು ಪೋಡು, ಹಳ್ಳಿಗಳಿಗಂತೂ ಮೊನ್ನೆ ಮೊನ್ನೆಯವರೆಗೂ ಕಂಬವೇ ಬಂದಿರಲಿಲ್ಲ. ಇದನ್ನು ದಿವಾನರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ, ಆದರೆ ಅವರ ಯೋಜನೆಯ ಕಥೆ ಹೇಳುವಾಗ ಬಿಡುವುದೂ ನ್ಯಾಯವಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಶುರುವಿನಲ್ಲಿ ಶಿವನಸಮುದ್ರದಲ್ಲಿದ್ದದ್ದು 720 ಕಿಲೋವ್ಯಾಟ್‌ನ ಆರು ಜನರೇಟರ್, ಒಟ್ಟು 4,320 ಕಿಲೋವ್ಯಾಟ್. ಅದನ್ನೆಲ್ಲ 60 ವ್ಯಾಟ್‌ನ ಹಳೇ ಬಲ್ಬುಗಳಿಗೆ ಹಂಚಿದರೆ, ತಂತಿಯಲ್ಲಿ ಸೋರಿಹೋಗುವುದನ್ನು ಬಿಟ್ಟು, 72 ಸಾವಿರ ಬಲ್ಬು ಉರಿಯುತ್ತವೆ. 9 ವ್ಯಾಟ್‌ನ ಎಲ್‌ಇಡಿಗೆ ಹಂಚಿದರೆ 4 ಲಕ್ಷದ 80 ಸಾವಿರ. ನೀರು ಅಷ್ಟೇ, ಯಂತ್ರ ಅಷ್ಟೇ. 1905ರ ಕಾರ್ಬನ್ ತಂತಿಯ ಬಲ್ಬು ಒಂದು ವ್ಯಾಟ್‌ಗೆ ಸುಮಾರು 3 ಲ್ಯೂಮೆನ್ ಬೆಳಕು ಕೊಡುತ್ತಿತ್ತು. ಆಮೇಲೆ ಬಂದ ಟಂಗ್‌ಸ್ಟನ್ ಬಲ್ಬು 12ರ ಆಸುಪಾಸು, ಇಂದಿನ ಎಲ್‌ಇಡಿ 100ರ ಆಸುಪಾಸು. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತಿತ್ತು.

ಎಲ್‌ಇಡಿ ಅಗ್ಗವಾದ ಕಥೆಯಲ್ಲೂ ದಿವಾನರ ಲೆಕ್ಕಾಚಾರದ ವಾಸನೆ ಇದೆ. 2014ರ ಆರಂಭದಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಳ್ಳುತ್ತಿತ್ತು. ಕೋಟಿಗಟ್ಟಲೆ ಬಲ್ಬು ನಾವೇ ತೆಗೆದುಕೊಳ್ಳುತ್ತೇವೆ ಎಂದು ಖಾತ್ರಿ ಕೊಟ್ಟು ಟೆಂಡರ್ ಕರೆದಂತೆ ಎರಡೂವರೆ ವರ್ಷದಲ್ಲಿ ಆ ದರ 40 ರೂಪಾಯಿಯ ಒಳಗೆ ಇಳಿಯಿತು. ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬು ಹೋದವು. ನಮ್ಮ ರಾಜ್ಯದಲ್ಲಿ 2015ರ ಕೊನೆಗೆ ‘ಹೊಸ ಬೆಳಕು’ ಎಂಬ ಹೆಸರಲ್ಲಿ ಅದು ಬಂತು. ಕೊಳ್ಳುವವರು ಖಾತ್ರಿ ಇದ್ದರೆ ತಯಾರಿಸುವವರು ಬೆಲೆ ಇಳಿಸುತ್ತಾರೆ ಎಂಬುದು ಕೋಲಾರದ ಒಪ್ಪಂದದಲ್ಲೂ ಇದ್ದ ಸೂತ್ರ.

ಆದರೆ ಅಗ್ಗ ಎಂದ ಕೂಡಲೇ ತೆರಕಣಾಂಬಿ ಸಂತೆಯಲ್ಲೋ, ಮೈಕ್ ಕಟ್ಟಿಕೊಂಡು ಬೀದಿಗೆ ಬರುವ ಗಾಡಿಯಲ್ಲೋ ನೂರು ರೂಪಾಯಿಗೆ ಗೊಂಚಲು ಬಲ್ಬು ತರುವುದು ಬೇರೆ ಮಾತು. ಎಲ್‌ಇಡಿಯಲ್ಲಿ ಬೆಳಕು ಕೊಡುವ ಚಿಪ್ ಬೇಗ ಸಾಯುವುದಿಲ್ಲ, ಸಾಯುವುದು ಒಳಗಿನ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್. ಬಿಸಿ ಹೊರಗೆ ಹಾಕಲು ಒಳಗೆ ಅಲ್ಯೂಮಿನಿಯಂ ಇರಬೇಕು. ತೀರಾ ಅಗ್ಗದ್ದರಲ್ಲಿ ಅದನ್ನೇ ಉಳಿಸಿರುತ್ತಾರೆ. ಪಂಪ್‌ಸೆಟ್‌ಗಳು ಶುರುವಾದಾಗ, ನಿಂತಾಗ ವೋಲ್ಟೇಜ್ ಕುಣಿಯುವ ನಮ್ಮ ಹಳ್ಳಿಗಳಲ್ಲಿ ಅಂಥವು ತಿಂಗಳೊಪ್ಪತ್ತಿಗೆ ಮಿಣಮಿಣ ಎನ್ನುತ್ತವೆ. ಡಬ್ಬಿಯ ಮೇಲೆ ವ್ಯಾಟ್ ಜೊತೆಗೆ ಲ್ಯೂಮೆನ್ ಬರೆದಿದೆಯೇ, ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯೇ, ಸ್ಟಾರ್ ಚೀಟಿ ಇದೆಯೇ, ಅಂಗಡಿಯವರು ವಾರಂಟಿಗೆ ದಿನಾಂಕ ಬರೆದುಕೊಡುತ್ತಾರೆಯೇ ಎಂದು ನೋಡಿದರೆ ಸಾಕು.

ಗೃಹಜ್ಯೋತಿ ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಆ ಯೋಜನೆಯಲ್ಲಿ ಮನೆಯ 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ ಮಿತಿ ಹಾಕಿದ್ದಾರೆ. ದಾಟಿದ ಯೂನಿಟ್‌ಗೆ ದುಡ್ಡು ಕೊಡಬೇಕು, 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ನಾಲ್ಕು 60 ವ್ಯಾಟ್ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟ್‌ನವು ಇದ್ದರೆ ಐದೂವರೆ ಯೂನಿಟ್ ಕೂಡ ಆಗುವುದಿಲ್ಲ. ಮಿಕ್ಸಿಗೋ, ಬೇಸಿಗೆಯಲ್ಲಿ ಫ್ಯಾನಿಗೋ ಆ ಮೂವತ್ತು ಯೂನಿಟ್ ಉಳಿಯುತ್ತದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯದ ಎದುರು ಶೇಷಾದ್ರಿ ಅಯ್ಯರ್ ಪ್ರತಿಮೆ ಇದೆ. ಆ ಕೆಂಪು ಕಟ್ಟಡವೂ ಅವರ ನೆನಪಿಗೆ ಕಟ್ಟಿದ್ದೇ. ಬೆಳಿಗ್ಗೆ ಜಾಗ ಹಿಡಿಯಲು ಸಾಲು ನಿಲ್ಲುವ ಪರೀಕ್ಷಾರ್ಥಿಗಳು ದಿನವೂ ಆ ಪ್ರತಿಮೆಯನ್ನು ಹಾದುಹೋಗುತ್ತಾರೆ. ಅಷ್ಟು ದೂರ ಹೋಗಲಾಗದವರು ಕೊಳ್ಳೇಗಾಲದಿಂದ 15 ಕಿ.ಮೀ. ಆಸುಪಾಸು ಹೋದರೆ ಶಿವನಸಮುದ್ರ. ನಮ್ಮ ಕಡೆಯಿಂದ ಹೋಗುವವರು ಭರಚುಕ್ಕಿ ನೋಡಿ, ಮೀನು ತಿಂದು, ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ಗಗನಚುಕ್ಕಿಯ ಕಡೆ ಕಣಿವೆಯ ತಳದಲ್ಲಿ ಆ ಹಳೆಯ ಕೇಂದ್ರ ಇದೆ. ಹಂತ ಹಂತವಾಗಿ ಯಂತ್ರಗಳು ಬದಲಾಗಿ ಅದರ ಸಾಮರ್ಥ್ಯ ಈಗ 42 ಮೆಗಾವ್ಯಾಟ್. ಬೇಸಿಗೆಯಲ್ಲಿ ಜಲಪಾತ ಒಣಗಿದಂತೆ ಕಂಡರೆ, ನೀರು ಕಾಲುವೆಯ ದಾರಿ ಹಿಡಿದು ಅಲ್ಲಿಗೆ ಇಳಿಯುತ್ತಿರುತ್ತದೆ.