ಮೊಮ್ಮಕ್ಕಳನ್ನು ಎತ್ತಾಡಿಸದ ಅಜ್ಜ: ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ತುಂಗಭದ್ರೆಯ ಸೀಮೆಯ ಹೊಳಲು, ಮೈಲಾರ, ಹೂವಿನಹಡಗಲಿಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದವು. ಅವು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕಚೇರಿಯ ಕೆಲಸವಾಗಲಿ, ಮಕ್ಕಳ ಮೇಲ್ತರದ ಓದಾಗಲಿ, ದೊಡ್ಡ ಆಸ್ಪತ್ರೆಯಾಗಲಿ, ಈ ಸೀಮೆಯವರ ದಾರಿ ಬೆಂಗಳೂರಿನ ಕಡೆಗೆ ತಿರುಗಿತು. ಬುತ್ತಿಯ ಗಂಟು ಹಿಡಿದು ಗುರುತಿಲ್ಲದ ನಗರದ ರೈಲು ನಿಲ್ದಾಣದಲ್ಲಿ ಇಳಿದವನಿಗೆ ಮೊದಲು ಬೇಕಾದುದು ಹೆಚ್ಚೇನೂ ಅಲ್ಲ. ತಲೆಯ ಮೇಲೊಂದು ಸೂರು, ಲಿಂಗಪೂಜೆಗೆ ಒಂದಿಷ್ಟು ನೀರು. ಅವನಿಗಾಗಿ ಅದು ನಿಲ್ದಾಣದ ಬಳಿಯಲ್ಲಿಯೇ ಅರ್ಧ ಶತಮಾನದಿಂದ ಅಣಿಯಾಗಿತ್ತು. ಅಣಿಮಾಡಿದವರು ಅರಸರೂ ಅಲ್ಲ, ಮಠಾಧಿಪತಿಗಳೂ ಅಲ್ಲ; ಪೇಟೆಯ ಒಬ್ಬ ವ್ಯಾಪಾರಿ, ಗುಬ್ಬಿಯ ತೋಟದಪ್ಪನವರು.

ತೋಟದಪ್ಪನವರು 1838ರಲ್ಲಿ ಲಿಂಗವಂತ ಮನೆತನವೊಂದರಲ್ಲಿ ಜನಿಸಿದರು. ತುಮಕೂರು ಸೀಮೆಯ ಗುಬ್ಬಿಯು ಆ ಕಾಲಕ್ಕಾಗಲೇ ಹೆಸರಾದ ವ್ಯಾಪಾರಸ್ಥಳ. ಅಡಕೆ, ಕೊಬ್ಬರಿ, ಬಟ್ಟೆಗಳ ಸಂತೆಗೆ ದೂರದೂರದಿಂದ ವರ್ತಕರು ಬಂದು ಸೇರುತ್ತಿದ್ದರು. ಅದೇ ಊರು ಮಲ್ಲಣಾರ್ಯನಂತಹ ವೀರಶೈವ ಕವಿಯನ್ನೂ ಕೊಟ್ಟಿತು. ಚನ್ನಬಸವೇಶ್ವರರ ಸನ್ನಿಧಿಯೂ ಅಲ್ಲಿಯೇ ಇದೆ. ತಕ್ಕಡಿಯೂ ವಿಭೂತಿಯೂ ಒಂದೇ ಬೀದಿಯಲ್ಲಿ ಕಾಣಸಿಗುವ ಇಂತಹ ಊರಿನಲ್ಲಿ ಹುಟ್ಟಿದವರಿಗೆ ವ್ಯಾಪಾರ ಬೇರೆ, ಧರ್ಮ ಬೇರೆ ಎಂಬ ಭಾವನೆ ಮೂಡದಿರುವುದು ಸಹಜವೇ ಸರಿ.

ಮುಂದೆ ಅವರ ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ಆರಂಭಿಸಿತು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಅಂಗಡಿಯನ್ನು ಬೆಳೆಸುವುದು ಹಗುರವಾದ ಕಾರ್ಯವಲ್ಲ. ದಿನದ ಕಿರ್ದಿ, ವರುಷದ ಖಾತೆ, ಉದ್ರಿಯ ವಸೂಲಿ, ಹೊರಗಿನಿಂದ ಬರುವ ಮಾಲಿನ ಚಿಂತೆ, ಇವುಗಳ ನಡುವೆ ವ್ಯಾಪಾರಿಯ ಆಯುಷ್ಯವೇ ಸವೆಯುತ್ತದೆ. ತೋಟದಪ್ಪನವರ ಆಯುಷ್ಯದ ಬಹುಭಾಗವೂ ಹೀಗೆಯೇ ಸಂದಿತು. ಅವರಿಗೆ ನಾಲ್ವತ್ತರ ಹತ್ತಿರದ ವಯಸ್ಸಾಗಿದ್ದಾಗ, 1876ರಿಂದ 1878ರವರೆಗೆ, ಮಹಾಕ್ಷಾಮವು ಮೈಸೂರು ಸೀಮೆಯನ್ನೂ ಬಳ್ಳಾರಿ ಜಿಲ್ಲೆಯನ್ನೂ ಒಂದೇ ಸಮನೆ ಸುಟ್ಟಿತು. ಅನ್ನವನ್ನು ಅರಸುತ್ತ ಊರು ಬಿಟ್ಟು ಹೊರಟವರು ದಾರಿಯ ಬದಿಯಲ್ಲಿ ಪ್ರಾಣಬಿಟ್ಟುದನ್ನು ಆ ತಲೆಮಾರಿನವರೆಲ್ಲ ಕಂಡಿದ್ದರು. ದಾರಿಹೋಕನೆಂದರೆ ಏನೆಂಬುದನ್ನು ಅವರಿಗೆ ಯಾರೂ ಬೇರೆಯಾಗಿ ಹೇಳಿಕೊಡಬೇಕಾಗಿರಲಿಲ್ಲ.

ಸಂಪತ್ತು ಕೂಡಿತು, ಸಂತಾನವಾಗಲಿಲ್ಲ. ಆ ಕಾಲದ ಸಿರಿವಂತ ಮನೆಗೆ ಇದು ಸಾಮಾನ್ಯವಾದ ಕೊರತೆಯಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅಂಗಡಿಯ ಗಾದಿಯಲ್ಲಿ ಮುಪ್ಪನ್ನು ಕಳೆಯುವುದು ವರ್ತಕನಾದವನ ಕೊನೆಯ ಆಸೆ. ಆ ಆಸೆ ಈಡೇರದ ಮನೆಗಳಲ್ಲಿ ದಾಯಾದಿಗಳ ವ್ಯಾಜ್ಯಗಳು ಹುಟ್ಟಿ, ಮೂರು ತಲೆಮಾರಿನ ಗಳಿಕೆ ವಕೀಲರ ಪಾಲಾಗುವುದೂ ಉಂಟು. ತೋಟದಪ್ಪನವರು ತಮ್ಮ ಆಸ್ತಿಯನ್ನು ಲೋಕಸೇವೆಗೆ ಮುಡಿಪಾಗಿಡಲು ನಿಶ್ಚಯಿಸಿದರು.

ನಿಶ್ಚಯಕ್ಕಿಂತಲೂ ಮಿಗಿಲಾದುದು ಅವರು ಸ್ಥಳವನ್ನು ಆರಿಸಿದ ಬಗೆ. ದಾನ ಮಾಡುವವರು ಆಗ ತಮ್ಮ ಹುಟ್ಟೂರಿನಲ್ಲಿ ಗುಡಿಯನ್ನೋ ಕೊಳವನ್ನೋ ಕಟ್ಟಿಸುತ್ತಿದ್ದರು. ಇವರು 1897ರಲ್ಲಿ ರೈಲ್ವೆ ಇಲಾಖೆಯಿಂದ ನಿಲ್ದಾಣದ ಹತ್ತಿರವೇ ಎರಡೂವರೆ ಎಕರೆ ನೆಲವನ್ನು ಕೊಂಡರು. ಧರ್ಮಾಂಬುಧಿ ಕೆರೆಯ ಆಸುಪಾಸಿನ ಆ ಜಾಗವು ಆಗ ಊರಿನ ಹೊರಗಿನದು. ಕಾಲುನಡಿಗೆಯ ಪಯಣಿಗರ ಕಾಲ ಮುಗಿಯಿತು, ಇನ್ನು ಮುಂದೆ ಪರಸ್ಥಳದವರು ಬಂದಿಳಿಯುವುದು ಉಗಿಬಂಡಿಯಿಂದ ಎಂಬುದನ್ನು ವ್ಯಾಪಾರಿಯ ಕಣ್ಣು ಗ್ರಹಿಸಿತ್ತು. ಗಿರಾಕಿ ಎಲ್ಲಿ ಬರುವನೋ ಅಲ್ಲಿ ಅಂಗಡಿ ತೆರೆಯಬೇಕೆಂಬ ಪೇಟೆಯ ಬುದ್ಧಿಯೇ ಇಲ್ಲಿ ದಾಸೋಹಕ್ಕೆ ಒದಗಿತು. ಮರುವರುಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಹಬ್ಬಿ ಪೇಟೆಯ ಮನೆಗಳು ಬರಿದಾದವು. ಅಂತಹ ಕಾಲವನ್ನು ದಾಟಿ ಕಾರ್ಯವು ಪೂರ್ಣಗೊಂಡು, 1903ರ ಫೆಬ್ರವರಿ 11ರಂದು ಧರ್ಮಛತ್ರವನ್ನೂ ವಿದ್ಯಾರ್ಥಿನಿಲಯವನ್ನೂ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಉದ್ಘಾಟಿಸಿದರು. ಪ್ರಭುಗಳು ರಾಜ್ಯಭಾರವನ್ನು ವಹಿಸಿಕೊಂಡು ಆಗಿನ್ನೂ ಆರು ತಿಂಗಳಾಗಿತ್ತು, ವಯಸ್ಸು ಹದಿನೆಂಟು. ಛತ್ರ ಕಟ್ಟಿಸಿದವರಿಗೆ ಅರುವತ್ತೈದರ ಸಮೀಪ.

ಶರಣರ ಮಾತನ್ನು ಅಳತೆಗೋಲಾಗಿ ಹಿಡಿಯುವವರಿಗೆ ಇಲ್ಲೊಂದು ಸಂದೇಹ ಏಳದಿರದು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಹಿಂದಿರುಗಿಸಿ ಬರುವಂತೆ ಹೇಳಿದಳು. ಅಂದಂದಿನ ಕಾಯಕ, ಅಂದಂದಿನ ದಾಸೋಹ. ನಾಳೆಗೆಂದು ಕೂಡಿಡುವುದೇ ಆಸೆಯ ಬೇರು. ಹಾಗಿದ್ದಲ್ಲಿ ಐವತ್ತು ವರುಷ ಗಳಿಸಿ, ಕೂಡಿಸಿ, ಕಡೆಗೆ ಕೊಡುವುದು ಶರಣಮಾರ್ಗವೆನಿಸೀತೆ? ಲಕ್ಕಮ್ಮನ ನಿಷ್ಠೆಯ ಎದುರಿಗೆ ಯಾವ ವರ್ತಕನ ಬಾಳೂ ನಿಲ್ಲಲಾರದೆಂಬುದನ್ನು ಒಪ್ಪಲೇಬೇಕು. ಆದರೆ ಒಂದು ಮಾತು ಉಳಿಯುತ್ತದೆ. ದಿನದಿನದ ಪಡಿಯಕ್ಕಿಯಿಂದ ಜಂಗಮಕ್ಕೆ ಅನ್ನವಿಕ್ಕಬಹುದೇ ಹೊರತು, ಹಾದುಹೋಗುವ ಸಾವಿರಾರು ಮಂದಿಗೆ ಕಲ್ಲುಗೋಡೆಯ ನೆರಳನ್ನು ಕಟ್ಟಲಾಗದು. ತೋಟದಪ್ಪನವರು ಕೂಡಿಸಿದ್ದು ನಿಜ. ಕೂಡಿಸಿದುದನ್ನು ತಮ್ಮದೆಂದು ಎಣಿಸಲಿಲ್ಲವೆಂಬುದೂ ಅಷ್ಟೇ ನಿಜ.

ಛತ್ರದಲ್ಲಿ ಎಲ್ಲ ಮತದ ಪ್ರವಾಸಿಗಳಿಗೂ ಇಂಬಿತ್ತು. ವಿದ್ಯಾರ್ಥಿನಿಲಯವು ಮಾತ್ರ ಲಿಂಗವಂತ ಬಾಲಕರಿಗೆ ಮೀಸಲಾಗಿತ್ತು. ಬಸವಣ್ಣನವರ ಮಹಾಮನೆಗೆ ಇಂತಹ ಬೇಲಿ ಇರಲಿಲ್ಲವೆಂದು ಆಕ್ಷೇಪಿಸುವುದು ಸುಲಭ. ಆಕ್ಷೇಪಣೆಯಲ್ಲಿ ಹುರುಳೂ ಇದೆ. ಒಕ್ಕಲುತನ, ವ್ಯಾಪಾರಗಳಲ್ಲಿಯೇ ಮುಳುಗಿದ್ದ ಸಮಾಜವು ಆಗ ಇಂಗ್ಲಿಷ್ ವಿದ್ಯೆಯಲ್ಲಿ ಬಹಳ ಹಿಂದೆ ಬಿದ್ದಿತ್ತೆಂಬುದನ್ನೂ, ಹಳ್ಳಿಯ ಹುಡುಗನಿಗೆ ನಗರದಲ್ಲಿ ಓದುವ ಆಸೆಯಿದ್ದರೂ ಉಳಿಯಲು ಜಾಗವಿರಲಿಲ್ಲವೆಂಬುದನ್ನೂ ಜೊತೆಗೆ ನೆನೆಯಬೇಕು. ಬಾಡಿಗೆಯಿಲ್ಲದ ಕೋಣೆಯೊಂದು ಅಂತಹ ಹುಡುಗನ ಬಾಳಿನ ದಿಕ್ಕನ್ನೇ ಬದಲಿಸುತ್ತಿತ್ತು. ಹೆತ್ತ ಅಜ್ಜನೂ ಎಷ್ಟೋ ಮನೆಗಳಲ್ಲಿ ಮಾಡಲಾಗದುದನ್ನು ಕಣ್ಣಾರೆ ಕಾಣದ ಈ ಅಜ್ಜನು ಮಾಡಿದನು.

1905ರಲ್ಲಿ ಮಹಾರಾಜರು ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರಕಾರದಿಂದ ‘ರಾವ್ ಬಹದ್ದೂರ್’ ಪದವಿಯೂ ದೊರೆಯಿತು. ಬಿರುದುಗಳಿಗಿಂತಲೂ ಅವರ ವಿವೇಕವನ್ನು ತೋರುವುದು ಕೊನೆಗಾಲದ ಏರ್ಪಾಡು. ದಾನಿಯು ಕಣ್ಮರೆಯಾದೊಡನೆ ದಾನವೂ ಕರಗುವುದನ್ನು ಲೋಕವು ಬೇಕಾದಷ್ಟು ಕಂಡಿದೆ. ತೋಟದಪ್ಪನವರು ಸಂಸ್ಥೆಯ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಶೆಟ್ಟರಿಗೆ ಒಪ್ಪಿಸಿದರು. ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದ, ಇಂದಿಗೂ ಪುರಭವನಕ್ಕೆ ಹೆಸರಾಗಿ ನಿಂತಿರುವ ಆ ಪುಟ್ಟಣ್ಣಶೆಟ್ಟರು ಲೆಕ್ಕಪತ್ರದಲ್ಲಿಯೂ ನಡತೆಯಲ್ಲಿಯೂ ಚೊಕ್ಕವಾದವರು. ಅಂಗಡಿಯ ಬೀಗದ ಕೈಯನ್ನು ಯಾರ ಕೈಯಲ್ಲಿ ಇಡಬೇಕೆಂಬುದು ಮಾಮೂಲುಪೇಟೆಯ ಮುದುಕರಿಗೆ ತಿಳಿದಿತ್ತು.

1910ರ ಫೆಬ್ರವರಿ 21ರಂದು ತೋಟದಪ್ಪನವರು ಲಿಂಗೈಕ್ಯರಾದರು. ಧರ್ಮಾಂಬುಧಿ ಕೆರೆ ಬತ್ತಿ ಅಲ್ಲಿ ಬಸ್ಸುಗಳ ನಿಲ್ದಾಣವಾಯಿತು. ಹಳೆಯ ಛತ್ರವೂ 2005ರಲ್ಲಿ ಹೊಸದಾಗಿ ಕಟ್ಟಲ್ಪಟ್ಟಿತು. ರೈಲು ನಿಲ್ದಾಣದ ಬಳಿಯ ರಸ್ತೆಗೆ ಗುಬ್ಬಿ ತೋಟದಪ್ಪ ರಸ್ತೆಯೆಂದು ಹೆಸರು.